ವ್ಯಕ್ತಿಗತ ಗುರಿಗೊಂದು ಅಳತೆಗೋಲು: ವಿಕಲಚೇತನರ ಔದ್ಯೋಗಿಕ ಚಿಕಿತ್ಸೆಯಲ್ಲಿ ಪ್ರಗತಿಯ ಮಾಪನ

ವ್ಯಾಪಾರ ಮತ್ತು ಉದ್ದಿಮೆಗಳಲ್ಲಿ ಅಳತೆಗೆ ಇರುವ ಮಹತ್ವವನ್ನು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಉತ್ಪಾದನೆ, ಗುಣಮಟ್ಟ, ದಾಸ್ತಾನು, ಬಾಕಿ ವಸೂಲಿ ಇವುಗಳಲ್ಲಿ ಯಾವುದನ್ನೂ ಉದ್ಯಮಿಯು ಅಂದಾಜಿಗೆ ಬಿಟ್ಟು ಕುಳಿತುಕೊಳ್ಳುವುದಿಲ್ಲ. ಆದರೆ ಯಂತ್ರಕ್ಕೆ ಕೈ ಸಿಕ್ಕಿ ಗಾಯಗೊಂಡ ನೌಕರರೊಬ್ಬರು ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡಿದ್ದಾರೆಯೇ, ಸಂಸ್ಥೆಯ ಸಾಮಾಜಿಕ ಹೊಣೆಗಾರಿಕೆ ನಿಧಿಯ ನೆರವಿನಿಂದ ತರಬೇತಿ ಪಡೆದ ವಿಕಲಚೇತನ ಯುವತಿಯೊಬ್ಬರು ನಿಜವಾಗಿ ಎಷ್ಟು ಮುಂದೆ ಬಂದಿದ್ದಾರೆ ಎಂಬ ಪ್ರಶ್ನೆಗಳು ಎದುರಾದಾಗ, ಅದೇ ಉದ್ಯಮಿಯು "ಪರವಾಗಿಲ್ಲ, ಸುಧಾರಿಸಿದೆ" ಎಂಬ ಒಂದು ಮಾತಿಗೆ ತೃಪ್ತನಾಗುತ್ತಾನೆ. ವಾರ್ಷಿಕ ವರದಿಯಲ್ಲಿ ಫಲಾನುಭವಿಗಳ ಸಂಖ್ಯೆ ಮತ್ತು ಒಂದು ಛಾಯಾಚಿತ್ರ ಅಚ್ಚಾಗುತ್ತವೆ. ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

ಇದರಲ್ಲಿ ಉದ್ಯಮಿಯ ತಪ್ಪೇನೂ ಹೆಚ್ಚಿಲ್ಲ. ಒಬ್ಬೊಬ್ಬರ ಚೇತರಿಕೆಯೂ ಒಂದೊಂದು ಬಗೆಯದಾಗಿರುವಾಗ, ಅದನ್ನು ಒಂದೇ ಮಾಪಕದಿಂದ ಅಳೆಯುವುದಾದರೂ ಹೇಗೆ ಎಂಬ ಸಂದೇಹ ಸಹಜವಾದದ್ದು. ಈ ಸಂದೇಹಕ್ಕೆ ಪುನಶ್ಚೇತನ ಕ್ಷೇತ್ರದ ತಜ್ಞರು ಅರ್ಧ ಶತಮಾನಕ್ಕೂ ಹಿಂದೆಯೇ ಒಂದು ಉತ್ತರವನ್ನು ಕಂಡುಕೊಂಡಿದ್ದಾರೆ. ಆ ಉತ್ತರ ಉದ್ಯಮ ವಲಯಕ್ಕೆ ಅಪರಿಚಿತವಾಗಿ ಉಳಿದಿರುವುದು ಮಾತ್ರ ವಿಷಾದದ ಸಂಗತಿ.

ನಷ್ಟವನ್ನು ಅಳೆಯುವ ಕೋಷ್ಟಕಗಳು

ನಮ್ಮ ದೇಶದಲ್ಲಿ ಕಾರ್ಮಿಕನ ಅಂಗವೈಕಲ್ಯವನ್ನು ಅಳೆಯುವ ಪದ್ಧತಿ ಹಳೆಯದು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯು ಒಂದು ಕೈಯ ಎರಡು ಬೆರಳುಗಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 20ರಷ್ಟು, ಮೂರು ಬೆರಳುಗಳು ಹೋದರೆ ಶೇಕಡಾ 30ರಷ್ಟು, ನಾಲ್ಕು ಬೆರಳುಗಳು ಹೋದರೆ ಶೇಕಡಾ 50ರಷ್ಟು ನಷ್ಟವೆಂದು ನಿಗದಿಪಡಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಹಲವು ಸೌಲಭ್ಯಗಳಿಗೆ ಶೇಕಡಾ 40ರ ವೈಕಲ್ಯವನ್ನು ಕನಿಷ್ಠ ಮಿತಿಯಾಗಿ ಇಟ್ಟುಕೊಂಡಿದೆ. ಪರಿಹಾರ ಕೊಡುವುದಕ್ಕೆ, ಮೀಸಲಾತಿ ನೀಡುವುದಕ್ಕೆ ಇಂತಹ ಶೇಕಡಾವಾರು ಲೆಕ್ಕ ಅನಿವಾರ್ಯ. ಎಲ್ಲರಿಗೂ ಒಂದೇ ಗೆರೆ ಎಳೆಯದೆ ಸರ್ಕಾರದ ಕಡತ ಮುಂದೆ ಸಾಗದು.

ಆದರೆ ಈ ಕೋಷ್ಟಕಗಳು ಹೇಳುವುದು ಕಳೆದುಹೋದುದರ ಕಥೆಯನ್ನು. ಎರಡು ಬೆರಳು ಕಳೆದುಕೊಂಡ ತಬಲಾ ವಾದಕನಿಗೂ, ಎರಡು ಬೆರಳು ಕಳೆದುಕೊಂಡ ಉಗ್ರಾಣದ ಗುಮಾಸ್ತನಿಗೂ ಅನುಸೂಚಿಯಲ್ಲಿ ಅಂಕಿ ಒಂದೇ. ಅಪಘಾತವಾದ ದಿನದ ಅಂಕಿಗೂ, ಆರು ತಿಂಗಳ ಚಿಕಿತ್ಸೆಯ ನಂತರದ ಅಂಕಿಗೂ ವ್ಯತ್ಯಾಸವಿಲ್ಲ, ಏಕೆಂದರೆ ಕತ್ತರಿಸಿಹೋದ ಬೆರಳು ಮತ್ತೆ ಬೆಳೆಯುವುದಿಲ್ಲ. ನೌಕರನು ಈ ಅವಧಿಯಲ್ಲಿ ಏನನ್ನು ಮರಳಿ ಪಡೆದುಕೊಂಡ ಎಂಬುದು ಅಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ. ಅದನ್ನು ನಮೂದಿಸುವ ಹೊಣೆಯು ಔದ್ಯೋಗಿಕ ಚಿಕಿತ್ಸೆಗೆ, ಅಂದರೆ ಆಕ್ಯುಪೇಷನಲ್ ಥೆರಪಿಗೆ ಸೇರಿದ್ದು.

ಹೆಸರಿನಿಂದ ಹುಟ್ಟುವ ತಪ್ಪು ಕಲ್ಪನೆ

ಔದ್ಯೋಗಿಕ ಚಿಕಿತ್ಸೆ ಎಂಬ ಹೆಸರು ಕೇಳಿದೊಡನೆ ಅನೇಕರು ಇದನ್ನು ಉದ್ಯೋಗ ತರಬೇತಿ ಎಂದು ಭಾವಿಸುತ್ತಾರೆ. ವಾಸ್ತವವಾಗಿ ಇಲ್ಲಿ ಆಕ್ಯುಪೇಷನ್ ಎಂಬ ಪದದ ವ್ಯಾಪ್ತಿ ಬಹಳ ವಿಶಾಲವಾದದ್ದು. ಬೆಳಿಗ್ಗೆ ಎದ್ದು ಹಲ್ಲುಜ್ಜುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅಡುಗೆ ಮಾಡುವುದು, ಬಸ್ಸು ಹತ್ತುವುದು, ಕೆಲಸದ ಮೇಜಿನ ಮುಂದೆ ಕುಳಿತುಕೊಳ್ಳುವುದು, ಸಂಜೆ ಮಗುವಿನೊಡನೆ ಆಡುವುದು, ಹೀಗೆ ಮನುಷ್ಯನ ದಿನವನ್ನು ತುಂಬುವ ಎಲ್ಲ ಚಟುವಟಿಕೆಗಳೂ ಅದರಲ್ಲಿ ಅಡಕವಾಗಿವೆ. ಫಿಸಿಯೋಥೆರಪಿಯು ಕೀಲು, ಸ್ನಾಯುಗಳ ಚಲನೆ ಮತ್ತು ಬಲದ ಕಡೆಗೆ ಮುಖ್ಯವಾಗಿ ಗಮನ ಕೊಟ್ಟರೆ, ಔದ್ಯೋಗಿಕ ಚಿಕಿತ್ಸೆಯು ಆ ಚಲನೆಯಿಂದ ದಿನದ ಕೆಲಸ ನಡೆಯುತ್ತದೆಯೇ ಎಂದು ಕೇಳುತ್ತದೆ. ನಡೆಯದಿದ್ದರೆ ವ್ಯಕ್ತಿಯ ಕೌಶಲವನ್ನೋ, ಬಳಸುವ ಉಪಕರಣವನ್ನೋ, ಸುತ್ತಲಿನ ವ್ಯವಸ್ಥೆಯನ್ನೋ ಬದಲಿಸಲು ಯತ್ನಿಸುತ್ತದೆ.

ಭಾರತದಲ್ಲಿ ಈ ವೃತ್ತಿಯ ಶಿಕ್ಷಣಕ್ಕೆ ಅಡಿಪಾಯ ಹಾಕಿದವರು ಅಮೆರಿಕದಲ್ಲಿ ಜನಿಸಿ ಭಾರತೀಯರನ್ನು ವಿವಾಹವಾಗಿ ಇಲ್ಲಿಯೇ ನೆಲೆಸಿದ ಕಮಲಾ ನಿಂಬಕರ್. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ತರಬೇತಿ ಶಾಲೆ ಆರಂಭವಾಯಿತು. 1952ರಲ್ಲಿ ಅಖಿಲ ಭಾರತ ಸಂಘ ಸ್ಥಾಪನೆಗೊಂಡಿತು; ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಹತ್ತು ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದು. ಕರ್ನಾಟಕದಲ್ಲಿ ಮಣಿಪಾಲದಲ್ಲಿ ಪದವಿ ಶಿಕ್ಷಣ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯಕೀಯ ಪುನಶ್ಚೇತನ ವಿಭಾಗದಲ್ಲಿ ಬೇಕರಿ ಮೊದಲಾದ ಘಟಕಗಳ ಮೂಲಕ ದುಡಿಮೆಯೇ ಚಿಕಿತ್ಸೆಯ ಭಾಗವಾಗಿದೆ.

ಸಿದ್ಧ ಮಾಪಕಗಳ ಮಿತಿ

ಪುನಶ್ಚೇತನ ಕೇಂದ್ರಗಳಲ್ಲಿ ಅಳತೆಯೇ ಇಲ್ಲವೆಂದಲ್ಲ. 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕವು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಊಟ, ಸ್ನಾನ, ಉಡುಪು ಧರಿಸುವುದು, ನಡಿಗೆ, ಮೆಟ್ಟಿಲು ಹತ್ತುವುದು ಮುಂತಾದ ಹತ್ತು ಬಾಬತ್ತುಗಳಿಗೆ ಅಂಕ ಕೊಟ್ಟು ಒಟ್ಟು 100ಕ್ಕೆ ಲೆಕ್ಕ ಹಾಕುವ ವಿಧಾನವಿದು. ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದವರ ವಿಷಯದಲ್ಲಿ ಇದು ಬಹಳ ಉಪಯುಕ್ತ.

ಆದರೆ ಪವರ್ ಪ್ರೆಸ್ಸಿಗೆ ಸಿಕ್ಕಿ ಬಲಗೈಯ ಎರಡು ಬೆರಳುಗಳನ್ನು ಕಳೆದುಕೊಂಡ ನೌಕರರೊಬ್ಬರನ್ನು ಇದರಿಂದ ಅಳೆದರೆ ಮೊದಲ ವಾರದಲ್ಲೇ 95 ಅಂಕ ಬಂದುಬಿಡುತ್ತದೆ. ಅವರು ನಡೆಯಬಲ್ಲರು, ಮೆಟ್ಟಿಲು ಹತ್ತಬಲ್ಲರು, ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಬಲ್ಲರು. ಗುಂಡಿ ಹಾಕಲು ಮಾತ್ರ ಹೆಂಡತಿಯ ನೆರವು ಬೇಕು. ಮಾಪಕದ ದೃಷ್ಟಿಯಲ್ಲಿ ಅವರಿಗೆ ಹೆಚ್ಚಿನ ತೊಂದರೆಯೇ ಇಲ್ಲ! ಅವರ ಪಾಲಿಗಾದರೋ ಜೀವನೋಪಾಯವೇ ಅಲುಗಾಡುತ್ತಿದೆ. ಎಲ್ಲರಿಗೂ ಸಲ್ಲುವ ಪ್ರಶ್ನೆಗಳನ್ನು ಕೇಳುವ ಮಾಪಕವು ಈ ಒಬ್ಬರಿಗೆ ಮುಖ್ಯವಾದ ಪ್ರಶ್ನೆಯನ್ನು ಕೇಳಲು ಮರೆಯುತ್ತದೆ.

ಮಿನಿಯಾಪೊಲಿಸ್‌ನಿಂದ ಬಂದ ವಿಧಾನ

ಈ ಕೊರತೆಗೆ ಪರಿಹಾರ ಹುಡುಕಿದವರು ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ತಜ್ಞರಾದ ಥಾಮಸ್ ಕಿರೆಸುಕ್ ಮತ್ತು ರಾಬರ್ಟ್ ಶರ್ಮನ್. ಅಲ್ಲಿಯ ಹೆನ್ನೆಪಿನ್ ಕೌಂಟಿಯ ಮಾನಸಿಕ ಆರೋಗ್ಯ ಸೇವೆಯ ಫಲಿತಾಂಶವನ್ನು ನಿರ್ಧರಿಸುವುದು ಅವರ ಮುಂದಿದ್ದ ಸಮಸ್ಯೆಯಾಗಿತ್ತು. ಒಬ್ಬರಿಗೆ ನಿದ್ರೆ ಬಾರದು, ಇನ್ನೊಬ್ಬರು ಕುಡಿತ ಬಿಡಬೇಕು, ಮತ್ತೊಬ್ಬರು ಕೆಲಸ ಹುಡುಕಬೇಕು. ಇವರೆಲ್ಲರನ್ನೂ ಒಂದೇ ಪ್ರಶ್ನಾವಳಿಗೆ ಕಟ್ಟಿಹಾಕುವುದರ ಬದಲು, 1968ರಲ್ಲಿ ಅವರು ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್ ಎಂಬ ವಿಧಾನವನ್ನು ಮುಂದಿಟ್ಟರು. ಕನ್ನಡದಲ್ಲಿ ಇದನ್ನು ಗುರಿ ಸಾಧನಾ ಮಾಪನ ಎನ್ನಬಹುದು.

ಇದರ ತಿರುಳು ಅತ್ಯಂತ ಸರಳವಾದದ್ದು. ಗುರಿ ಪ್ರತಿಯೊಬ್ಬರಿಗೂ ಬೇರೆಯಾಗಿರಲಿ. ಆದರೆ ಪ್ರತಿ ಗುರಿಗೂ ಐದು ಮೆಟ್ಟಿಲುಗಳಿರಲಿ. ನಿಗದಿತ ಅವಧಿಯಲ್ಲಿ ಇಷ್ಟು ಆಗಬಹುದೆಂದು ನಿರೀಕ್ಷಿಸುವ ಮಟ್ಟಕ್ಕೆ ಸೊನ್ನೆ. ಅದಕ್ಕಿಂತ ತುಸು ಮೇಲಾದರೆ +1, ಬಹಳ ಮೇಲಾದರೆ +2. ಕೆಳಗಾದರೆ –1 ಮತ್ತು –2. ಈ ಐದೂ ಮೆಟ್ಟಿಲುಗಳ ವಿವರಣೆಯನ್ನು ಚಿಕಿತ್ಸೆ ಆರಂಭವಾಗುವ ಮೊದಲೇ ಕಾಗದದ ಮೇಲೆ ಬರೆದಿಡಬೇಕು. ಅವಧಿ ಮುಗಿದ ದಿನ ಆ ಕಾಗದವನ್ನು ತೆಗೆದು, ವ್ಯಕ್ತಿಯು ಯಾವ ಮೆಟ್ಟಿಲಿನಲ್ಲಿ ನಿಂತಿದ್ದಾರೆಂದು ನೋಡಬೇಕು. ಸೊನ್ನೆ ಎಂದರೆ ಸೋಲಲ್ಲ, ಒಪ್ಪಿಕೊಂಡಷ್ಟು ಆಯಿತೆಂದು ಅರ್ಥ. ಹಾಗೆಯೇ, ಸೊನ್ನೆ ಎಂದರೆ ಸಂಪೂರ್ಣ ಗುಣವಾಯಿತೆಂದೂ ಅಲ್ಲ.

ಪೀಟರ್ ಡ್ರಕರ್ 1954ರಲ್ಲಿ ಬರೆದ ಗುರಿಯಾಧಾರಿತ ನಿರ್ವಹಣೆಯನ್ನು ಓದಿದವರಿಗೆ ಇದರಲ್ಲಿ ಪರಿಚಿತ ಛಾಯೆ ಕಾಣುವುದು ಸಹಜ. ಜಾರ್ಜ್ ಡೊರಾನ್ 1981ರಲ್ಲಿ ವ್ಯವಸ್ಥಾಪಕರಿಗಾಗಿ ರೂಪಿಸಿದ ಸ್ಮಾರ್ಟ್ ಗುರಿಗಳ ಸೂತ್ರವು ಅನಂತರ ಆಸ್ಪತ್ರೆಗಳಿಗೂ ಹಬ್ಬಿ, ಇಂದು ಚಿಕಿತ್ಸಕರ ದಿನನಿತ್ಯದ ಮಾತಾಗಿದೆ. ವಾಣಿಜ್ಯ ಕ್ಷೇತ್ರವು ವೈದ್ಯಕೀಯ ಕ್ಷೇತ್ರಕ್ಕೆ ಕೊಟ್ಟ ಕೆಲವೇ ಸಾಲಗಳಲ್ಲಿ ಇದೂ ಒಂದು.

ಒಂದು ಲೆಕ್ಕ

ವಿಧಾನದ ನಡೆಯನ್ನು ತಿಳಿಯಲು, ಮೇಲೆ ಪ್ರಸ್ತಾಪಿಸಿದ ಪವರ್ ಪ್ರೆಸ್ ನೌಕರರನ್ನೇ ಕಲ್ಪಿತ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕೆಲಸ ಪೀಣ್ಯದ ಒಂದು ಸಣ್ಣ ಘಟಕದಲ್ಲಿ. ವಾಸ ಅಲ್ಲಿಂದ ಒಂದು ಗಂಟೆಯ ಬಸ್ ಪ್ರಯಾಣದ ದೂರದಲ್ಲಿ. ಪ್ರೆಸ್ಸಿಗೆ ಮರಳುವ ಬದಲು ಬಿಡಿಭಾಗಗಳ ತಪಾಸಣೆಯ ಮೇಜಿನಲ್ಲಿ ಕೆಲಸ ಕೊಡಲು ಮಾಲೀಕರು ಸಿದ್ಧರಿದ್ದಾರೆ. ಚಿಕಿತ್ಸೆಯ ಅವಧಿ 12 ವಾರಗಳು. ಚಿಕಿತ್ಸಕರು ಕೇಳಿದಾಗ ನೌಕರರು ಮೂರು ವಿಷಯಗಳನ್ನು ಹೇಳುತ್ತಾರೆ: ಬಲಗೈಯಲ್ಲಿ ವರ್ನಿಯರ್ ಹಿಡಿದು ತಪಾಸಣೆ ಮಾಡುವುದು, ತಾನೇ ಅಂಗಿಯ ಗುಂಡಿ ಹಾಕಿಕೊಳ್ಳುವುದು, ಯಾರ ಜೊತೆಯೂ ಇಲ್ಲದೆ ಬಸ್ಸಿನಲ್ಲಿ ಕಾರ್ಖಾನೆಗೆ ಬರುವುದು.

ಮೊದಲನೆಯ ಗುರಿಯನ್ನು "ಕೈಯ ಹಿಡಿತ ಸುಧಾರಿಸುವುದು" ಎಂದು ಬರೆದರೆ ಅದು ಅಳತೆಗೆ ನಿಲುಕುವುದಿಲ್ಲ. ಆದ್ದರಿಂದ ಮೆಟ್ಟಿಲುಗಳು ಹೀಗಿರುತ್ತವೆ. ಒಂದೇ ಪಟ್ಟಿಗೆ ತಪಾಸಣೆ ಮಾಡಬಲ್ಲ ಸಮಯವು 10 ನಿಮಿಷಕ್ಕಿಂತ ಕಡಿಮೆಯಿದ್ದರೆ –2. 10ರಿಂದ 30 ನಿಮಿಷದೊಳಗಿದ್ದರೆ –1. 30 ನಿಮಿಷ ಮುಟ್ಟಿ 45ರೊಳಗಿದ್ದರೆ ಸೊನ್ನೆ. 45 ಮುಟ್ಟಿ 60ರೊಳಗಿದ್ದರೆ +1. 60 ನಿಮಿಷ ಮತ್ತು ಅದಕ್ಕೂ ಹೆಚ್ಚಾದರೆ +2. ಆರಂಭದ ದಿನ ಅವರು 12 ನಿಮಿಷಕ್ಕೆ ನೋವಿನಿಂದ ನಿಲ್ಲಿಸಿದರು, ಆದ್ದರಿಂದ –1. ಅಳೆಯುವ ದಿನವೂ ಅದೇ ಬಿಡಿಭಾಗ, ಅದೇ ಕುರ್ಚಿ, ಅದೇ ಬೆಳಗಿನ ಹೊತ್ತು ಇರತಕ್ಕದ್ದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಐದು ಮೆಟ್ಟಿಲುಗಳಲ್ಲಿ ಬದಲಾಗುವುದು ಒಂದೇ ಸಂಗತಿ, ಅದು ಸಮಯ. ಒಂದು ಮೆಟ್ಟಿಲಿನಲ್ಲಿ ಸಮಯ, ಇನ್ನೊಂದರಲ್ಲಿ ನೋವು, ಮತ್ತೊಂದರಲ್ಲಿ ತಪ್ಪುಗಳ ಸಂಖ್ಯೆ ಎಂದು ಬೆರೆಸಿದರೆ, 50 ನಿಮಿಷ ದುಡಿದರೂ ಹೆಚ್ಚು ತಪ್ಪು ಮಾಡಿದವರನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕಾಗದ ಕೆಲಸಕ್ಕೆ ಬಾರದಂತಾಗುತ್ತದೆ. ಹಾಗೆಯೇ ಒಂದು ಮೆಟ್ಟಿಲಿನ ಅಂಚು ಇನ್ನೊಂದರ ಮೇಲೆ ಬೀಳಬಾರದು, ನಡುವೆ ಬಿರುಕೂ ಇರಬಾರದು. ಆರಂಭದ ಸ್ಥಿತಿಯನ್ನು ಕೆಲವರು –2ರಲ್ಲಿ ಇಡುವುದುಂಟು. –1ರಲ್ಲಿ ಇಟ್ಟರೆ ಸ್ಥಿತಿ ಹದಗೆಟ್ಟರೂ ಅದನ್ನು ತೋರಿಸಲು ಒಂದು ಮೆಟ್ಟಿಲು ಉಳಿಯುತ್ತದೆ. ಬಸ್ಸಿನ ಗುರಿಗೆ ವಾರದ ಆರು ಕೆಲಸದ ದಿನಗಳಲ್ಲಿ ಎಷ್ಟು ದಿನ ಒಬ್ಬರೇ ಬಂದರೆಂಬುದು ಅಳತೆ: ಮೂರು ದಿನವಾದರೆ ಸೊನ್ನೆ, ಎರಡು ಅಥವಾ ಅದಕ್ಕಿಂತ ಕಡಿಮೆಯಾಗಿ ಉಳಿದ ದಿನ ತಮ್ಮನೋ ನೆರೆಯವರೋ ಜೊತೆಗೆ ಬರಬೇಕಾದರೆ –1, ಜೊತೆಯಿದ್ದರೂ ಬಸ್ಸು ಹತ್ತಲಾಗದಿದ್ದರೆ –2.

ಹನ್ನೆರಡು ವಾರ ಕಳೆದು ನೋಡಿದಾಗ ಅವರು 35 ನಿಮಿಷ ತಪಾಸಣೆ ಮಾಡುತ್ತಿದ್ದಾರೆ, ಅಂದರೆ ಸೊನ್ನೆ. ಗುಂಡಿಯ ಗುರಿಯಲ್ಲಿ ನಿರೀಕ್ಷೆಗೂ ಮಿಗಿಲಾಗಿ +1. ಬಸ್ಸಿನ ಗುರಿಯು ಇದ್ದಲ್ಲಿಯೇ ಇದೆ, –1.

ಈ ಮೂರನ್ನೂ ಒಂದು ಅಂಕಿಯಾಗಿಸಲು ಕಿರೆಸುಕ್ ಮತ್ತು ಶರ್ಮನ್ ಒಂದು ಸೂತ್ರ ಕೊಟ್ಟಿದ್ದಾರೆ. ಪ್ರತಿ ಗುರಿಯ ಅಂಕವನ್ನು ಅದರ ತೂಕದಿಂದ ಗುಣಿಸಿ ಕೂಡಿಸಬೇಕು. ಮೊತ್ತವನ್ನು 10ರಿಂದ ಗುಣಿಸಿ, ಗುರಿಗಳ ಸಂಖ್ಯೆ ಮತ್ತು ತೂಕವನ್ನು ಆಧರಿಸಿದ ಒಂದು ವರ್ಗಮೂಲದಿಂದ ಭಾಗಿಸಿ, ಬಂದದ್ದನ್ನು 50ಕ್ಕೆ ಸೇರಿಸಬೇಕು. ಇದಕ್ಕೆ ಟಿ ಅಂಕವೆಂದು ಹೆಸರು. ಮೂರು ಗುರಿಗಳಿಗೂ ಸಮಾನ ತೂಕವಿದ್ದರೆ ಭಾಜಕವು 2.19 ಆಗುತ್ತದೆ. ಆರಂಭದಲ್ಲಿ ಮೂರೂ –1 ಇದ್ದುದರಿಂದ ಟಿ ಅಂಕ 36.3. ಕೊನೆಯಲ್ಲಿ ಸೊನ್ನೆ, +1, –1 ಸೇರಿ ಸೊನ್ನೆಯಾಗುವುದರಿಂದ ಟಿ ಅಂಕ ಸರಿಯಾಗಿ 50. ವರದಿಯಲ್ಲಿ ಬರೆಯಬಹುದಾದ ವಾಕ್ಯ: "36.3ರಿಂದ 50ಕ್ಕೆ ಏರಿಕೆ. ನಿರೀಕ್ಷಿತ ಪ್ರಗತಿ ಸಾಧಿಸಲಾಗಿದೆ."

ವಾಕ್ಯ ಸುಳ್ಳಲ್ಲ. ಆದರೆ ನೌಕರರು ಇನ್ನೂ ಒಬ್ಬರೇ ಕಾರ್ಖಾನೆಗೆ ಬರಲಾರರು. ತಮ್ಮ ರಜೆ ಹಾಕಿ ಜೊತೆ ಬಂದ ದಿನ ಮಾತ್ರ ಅವರ ಹಾಜರಿ. ಲೆಕ್ಕಪತ್ರದಲ್ಲಿ ಲಾಭದ ಶಾಖೆಯು ನಷ್ಟದ ಶಾಖೆಯನ್ನು ಮುಚ್ಚಿಹಾಕುವಂತೆ, ಗುಂಡಿಯ ಗೆಲುವು ಬಸ್ಸಿನ ಸೋಲನ್ನು ಮರೆಮಾಡಿದೆ.

ತೂಕವನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆ ಮುಖ್ಯವಾಗುವುದು ಇಲ್ಲಿಯೇ. ನೌಕರರನ್ನೇ ಕೇಳಿದರೆ ಬಸ್ಸಿಗೆ 3, ತಪಾಸಣೆಗೆ 2, ಗುಂಡಿಗೆ 1 ಎನ್ನಬಹುದು. ಈ ತೂಕದ ಮೇಲೆ ಲೆಕ್ಕ ಹಾಕಿದರೆ ಅದೇ ಫಲಿತಾಂಶದ ಟಿ ಅಂಕ 45.6ಕ್ಕೆ ಇಳಿಯುತ್ತದೆ. ಕೈ ಅದೇ, ಚಿಕಿತ್ಸೆ ಅದೇ. ಯಾವುದು ಮುಖ್ಯವೆಂದು ಅವರನ್ನು ಕೇಳಿದ್ದರಿಂದ ಅಂಕಿ ಬದಲಾಯಿತು. ಆದಕಾರಣ ಒಟ್ಟು ಅಂಕವನ್ನಷ್ಟೇ ನೋಡಿ ಕಡತ ಮುಚ್ಚುವುದು ಸರಿಯಲ್ಲ. ಒಂದೊಂದು ಗುರಿಯ ಮೆಟ್ಟಿಲನ್ನೂ ಬಿಡಿಬಿಡಿಯಾಗಿ ನೋಡಬೇಕು, ಮತ್ತು ನಿಂತುಹೋದ ಗುರಿಯ ಕಾರಣವನ್ನು ವಿಚಾರಿಸಬೇಕು. ಪ್ರಸ್ತುತ ನಿದರ್ಶನದಲ್ಲಿ ಕಾರಣ ಬೆರಳಿನಲ್ಲಿ ಇಲ್ಲದಿರಬಹುದು. ಬೆಳಗಿನ ಎಂಟರ ನೂಕುನುಗ್ಗಲಿನಲ್ಲಿ ಗಾಯದ ಕೈಗೆ ಪೆಟ್ಟು ಬಿದ್ದೀತೆಂಬ ಭಯ ಇರಬಹುದು. ಹಾಗಿದ್ದಲ್ಲಿ ಇನ್ನೂ ಹನ್ನೆರಡು ವಾರ ಹಿಡಿತದ ವ್ಯಾಯಾಮ ಮಾಡಿಸುವುದಕ್ಕಿಂತ, ಕೆಲಸದ ವೇಳೆಯನ್ನು ಒಂದೂವರೆ ಗಂಟೆ ಮುಂದೂಡುವುದು ಅಗ್ಗದ ಪರಿಹಾರ. ಆ ಪರಿಹಾರ ಚಿಕಿತ್ಸಕರ ಕೈಯಲ್ಲಿಲ್ಲ, ಮಾಲೀಕರ ಕೈಯಲ್ಲಿದೆ.

ಗುರಿ ಯಾರದು

ಕೆನಡಾ ದೇಶದಲ್ಲಿ 1991ರಲ್ಲಿ ಪ್ರಥಮವಾಗಿ ಪ್ರಕಟವಾದ ಇನ್ನೊಂದು ವಿಧಾನವು ಈ ಪ್ರಶ್ನೆಯನ್ನೇ ಕೇಂದ್ರವಾಗಿ ಇಟ್ಟುಕೊಂಡಿದೆ. ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್ ಎಂಬ ಹೆಸರಿನ ಈ ವಿಧಾನದಲ್ಲಿ, ದೈನಂದಿನ ಜೀವನದಲ್ಲಿ ತಮಗೆ ತೊಡಕಾಗಿರುವ ಸಂಗತಿಗಳನ್ನು ವ್ಯಕ್ತಿಯೇ ಹೇಳುತ್ತಾರೆ. ಅವುಗಳಲ್ಲಿ ಅತಿ ಮುಖ್ಯವಾದ ಐದರವರೆಗೆ ಆರಿಸಿಕೊಳ್ಳುತ್ತಾರೆ. ಪ್ರತಿಯೊಂದಕ್ಕೂ, ಈಗ ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ ಎಂದು ಒಂದು ಅಂಕ, ಅದರಿಂದ ಎಷ್ಟು ತೃಪ್ತಿಯಿದೆ ಎಂದು ಇನ್ನೊಂದು ಅಂಕ, ಎರಡನ್ನೂ 1ರಿಂದ 10ರೊಳಗೆ ತಾವೇ ಕೊಟ್ಟುಕೊಳ್ಳುತ್ತಾರೆ. ಕೆಲವು ವಾರಗಳ ನಂತರ ಮತ್ತೆ ಕೇಳಿದಾಗ ಸರಾಸರಿಯಲ್ಲಿ ಎರಡು ಅಂಕ ಏರಿದ್ದರೆ ಅದನ್ನು ಗಣನೀಯ ಪ್ರಗತಿಯೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅನೇಕ ಚಿಕಿತ್ಸಕರು ಗುರಿಯನ್ನು ಗುರುತಿಸಲು ಕೆನಡಾದ ವಿಧಾನವನ್ನೂ, ಅದರ ಪ್ರಗತಿಯನ್ನು ಅಳೆಯಲು ಮಿನಿಯಾಪೊಲಿಸ್ ವಿಧಾನವನ್ನೂ ಜೊತೆಯಾಗಿ ಬಳಸುತ್ತಾರೆ.

ನಮ್ಮಲ್ಲಿ ಗುರಿಯನ್ನು ಆರಿಸುವವರು ಹೆಚ್ಚಾಗಿ ಮನೆಯವರು. ಅದರಲ್ಲಿಯೂ ಬೌದ್ಧಿಕ ಅಸಾಮರ್ಥ್ಯವುಳ್ಳವರ ವಿಷಯದಲ್ಲಿ ಅವರನ್ನು ಕೇಳುವ ರೂಢಿಯೇ ಇಲ್ಲವೆನ್ನಬಹುದು. ಅಗರಬತ್ತಿ ಪ್ಯಾಕಿಂಗ್ ಘಟಕವೊಂದರಲ್ಲಿ ಕೆಲಸ ಕಲಿಯುತ್ತಿರುವ ಇಂತಹ ಯುವತಿಯೊಬ್ಬರನ್ನು ಊಹಿಸಿಕೊಳ್ಳಿ. ಮಾಲೀಕರ ಗುರಿ ದಿನಕ್ಕೆ ಇಷ್ಟು ಪೊಟ್ಟಣ. ತಾಯಿಯ ಗುರಿ ಮಗಳು ಯಾರ ಬೈಗುಳವನ್ನೂ ಕೇಳದೆ ಸಂಜೆ ಮನೆ ಸೇರುವುದು. ಯುವತಿಯನ್ನೇ ಚಿತ್ರಪಟಗಳ ನೆರವಿನಿಂದ ವಿಚಾರಿಸಿದರೆ, ಊಟದ ಹೊತ್ತಿನಲ್ಲಿ ಉಳಿದ ಹುಡುಗಿಯರ ಜೊತೆ ಕುಳಿತುಕೊಳ್ಳಬೇಕೆಂಬುದು ಅವಳ ಆಸೆಯೆಂದು ತಿಳಿಯಬಹುದು. ಪೊಟ್ಟಣಗಳ ಲೆಕ್ಕದಲ್ಲಿ ಈ ಆಸೆಗೆ ಸ್ಥಾನವಿಲ್ಲ. ಆದರೆ ಹೊಸ ಕೆಲಸಗಾರರು ಕೆಲಸ ಬಿಟ್ಟುಹೋಗುವುದು ಕೈ ನಿಧಾನವೆಂಬ ಒಂದೇ ಕಾರಣಕ್ಕಲ್ಲವೆಂಬುದು ಘಟಕ ನಡೆಸುವವರಿಗೆಲ್ಲ ಗೊತ್ತಿರುವ ವಿಷಯ. ವಾರದಲ್ಲಿ ಎಷ್ಟು ದಿನ ಜೊತೆಯಾಗಿ ಊಟ ಮಾಡಿದಳು, ಕಡ್ಡಿಗಳ ಕಟ್ಟು ಮುಗಿದಾಗ ಮೇಲ್ವಿಚಾರಕಿಯನ್ನು ಕೇಳಲು ಎಷ್ಟು ಬಾರಿ ನೆನಪಿಸಬೇಕಾಯಿತು, ಇವೆರಡೂ ಐದು ಮೆಟ್ಟಿಲುಗಳ ಮಾಪಕಕ್ಕೆ ಸಲೀಸಾಗಿ ಒಗ್ಗುತ್ತವೆ. ಪೊಟ್ಟಣಗಳ ಗುರಿಯೂ ಮೂರನೆಯದಾಗಿ ಅದೇ ಕಾಗದದಲ್ಲಿ ಇರಬಹುದು.

ಅಳತೆಯ ದುರುಪಯೋಗ

ಮಾರಾಟ ಪ್ರತಿನಿಧಿಗಳಿಗೆ ವಾರ್ಷಿಕ ಗುರಿ ನಿಗದಿಪಡಿಸಿದವರಿಗೆ ಈ ವಿಧಾನದ ದೌರ್ಬಲ್ಯವನ್ನು ವಿವರಿಸಬೇಕಾಗಿಲ್ಲ. ಗುರಿಯನ್ನು ಸುಲಭವಾಗಿ ಇಟ್ಟುಕೊಂಡರೆ ಎಲ್ಲರೂ ಗೆಲ್ಲುತ್ತಾರೆ. ಧನಸಹಾಯವು ಟಿ ಅಂಕವನ್ನು ಅವಲಂಬಿಸಿದೆಯೆಂದು ತಿಳಿದ ದಿನದಿಂದ ಗುರಿಗಳು ತಾವಾಗಿಯೇ ಮೃದುವಾಗತೊಡಗುತ್ತವೆ. ಲಂಡನ್ನಿನ ಪುನಶ್ಚೇತನ ತಜ್ಞೆ ಲಿನ್ ಟರ್ನರ್-ಸ್ಟೋಕ್ಸ್ ಅವರು 2009ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಇದನ್ನು ಪತ್ತೆಹಚ್ಚುವ ಉಪಾಯವೂ ಇದೆ. ಗುರಿಗಳನ್ನು ನಿಷ್ಪಕ್ಷಪಾತವಾಗಿ ಇಟ್ಟಿದ್ದರೆ, ಬಹಳಷ್ಟು ಜನರ ಟಿ ಅಂಕಗಳ ಸರಾಸರಿಯು 50ರ ಆಸುಪಾಸಿನಲ್ಲಿರಬೇಕು. ಯಾವುದೇ ಕೇಂದ್ರದ ಸರಾಸರಿ ವರ್ಷವರ್ಷವೂ 60ರ ಮೇಲಿದ್ದರೆ ಅಭಿನಂದನಾ ಪತ್ರ ಕಳುಹಿಸುವ ಮೊದಲು ಅವರ ಗುರಿಗಳ ಕಾಗದವನ್ನು ತರಿಸಿ ಓದುವುದು ಲೇಸು. ಸರಾಸರಿ 40ರ ಕೆಳಗಿದ್ದರೆ ಅತಿಯಾಸೆಯ ಗುರಿಗಳನ್ನು ಇಟ್ಟಿರುವ ಸಂಭವವಿದೆ.

ಮೂಲ ವಿಧಾನದಲ್ಲಿ ಚಿಕಿತ್ಸೆ ಕೊಟ್ಟವರಲ್ಲದೆ ಬೇರೆಯವರು ಕೊನೆಯ ಅಳತೆ ತೆಗೆದುಕೊಳ್ಳಬೇಕೆಂಬ ಆಶಯವಿತ್ತು. ಲೆಕ್ಕ ಬರೆದವರೇ ಲೆಕ್ಕಪರಿಶೋಧನೆ ಮಾಡಬಾರದೆಂಬ ನ್ಯಾಯವೇ ಇಲ್ಲಿಯದೂ. ಸಣ್ಣ ಕೇಂದ್ರಗಳಲ್ಲಿ ಇದು ಕಷ್ಟವಾದರೂ, ಇನ್ನೊಬ್ಬ ಚಿಕಿತ್ಸಕರು ಆಯ್ದ ಕೆಲವು ಪ್ರಕರಣಗಳನ್ನಾದರೂ ಅಳೆದು ನೋಡುವುದು ಸಾಧ್ಯ.

ಸಂಖ್ಯಾಶಾಸ್ತ್ರಜ್ಞರ ಆಕ್ಷೇಪಣೆಯೂ ಇದೆ. –1ರಿಂದ ಸೊನ್ನೆಗೆ ಏರುವ ದೂರವೂ ಸೊನ್ನೆಯಿಂದ +1ಕ್ಕೆ ಏರುವ ದೂರವೂ ಸಮಾನವೆಂಬುದಕ್ಕೆ ಆಧಾರವಿಲ್ಲ; ಹಾಗಿರುವಾಗ ಈ ಅಂಕಗಳನ್ನು ಕೂಡಿಸಿ ಭಾಗಿಸುವುದು ಎಷ್ಟು ಸರಿ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಒಟ್ಟು ಅಂಕದ ದಶಮಾಂಶಗಳಿಗೆ ಜೋತುಬೀಳದೆ ಮೆಟ್ಟಿಲುಗಳನ್ನೇ ಓದಬೇಕೆಂಬ ಮೇಲಿನ ಮಾತಿಗೆ ಇದು ಇನ್ನೊಂದು ಸಮರ್ಥನೆ. ಇಬ್ಬರು ನೌಕರರ ಟಿ ಅಂಕಗಳನ್ನು ಹೋಲಿಸಿ ಒಬ್ಬರು ಮೇಲು, ಒಬ್ಬರು ಕೀಳು ಎನ್ನುವುದಂತೂ ಸರ್ವಥಾ ಸಲ್ಲದು. ಇಬ್ಬರ ಗುರಿಯೂ ಬೇರೆ, ತೂಕವೂ ಬೇರೆ. ವೇತನ, ಬಡ್ತಿ ಅಥವಾ ಕೆಲಸದಿಂದ ತೆಗೆಯುವ ನಿರ್ಧಾರಕ್ಕೆ ಈ ಅಂಕಿಯನ್ನು ಬಳಸಿದ ದಿನ ನೌಕರರು ಚಿಕಿತ್ಸಕರ ಮುಂದೆ ನಿಜ ಹೇಳುವುದನ್ನು ನಿಲ್ಲಿಸುತ್ತಾರೆ.

ಉದ್ಯಮಿಯ ಪಾತ್ರ

2016ರ ಕಾಯ್ದೆಯ 21ನೇ ಕಲಮಿನನ್ವಯ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿ, ಒದಗಿಸುವ ಸೌಲಭ್ಯಗಳು, ಸಂಪರ್ಕಾಧಿಕಾರಿಯ ನೇಮಕ ಇತ್ಯಾದಿ ವಿವರಗಳನ್ನು ಅದರಲ್ಲಿ ಸೇರಿಸಬೇಕೆಂದು 2017ರ ನಿಯಮಗಳು ವಿಧಿಸಿವೆ. ಮಾಲೀಕರಿಗೆ ಅತಿಯಾದ ಹೊರೆಯಾಗದಂತೆ ಮಾಡಿಕೊಡಬೇಕಾದ ಸೂಕ್ತ ಹೊಂದಾಣಿಕೆಯ ತತ್ತ್ವವನ್ನೂ ಕಾಯ್ದೆ ಒಪ್ಪಿಕೊಂಡಿದೆ. ಅನೇಕ ಸಂಸ್ಥೆಗಳಲ್ಲಿ ಈ ನೀತಿಯು ಒಂದು ಮಾದರಿ ಪ್ರತಿಯ ನಕಲಾಗಿ ಕಡತ ಸೇರಿರುತ್ತದೆ. ಯಾವ ಹೊಂದಾಣಿಕೆ ಬೇಕೆಂಬುದು ನೌಕರರ ಗುರಿಗಳ ಕಾಗದದಿಂದ ತಿಳಿಯುವಷ್ಟು ಸ್ಪಷ್ಟವಾಗಿ ಮಾದರಿ ಪ್ರತಿಯಿಂದ ತಿಳಿಯಲಾರದು. ಬಸ್ಸಿನ ಗುರಿ ನಿಂತುಹೋದಲ್ಲಿ ಕೆಲಸದ ವೇಳೆ ಬದಲಾಗಬೇಕು. ತಪಾಸಣೆಯ ಗುರಿ 20 ನಿಮಿಷಕ್ಕೆ ನಿಂತಲ್ಲಿ ವರ್ನಿಯರಿನ ಹಿಡಿಗೆ ದಪ್ಪನೆಯ ರಬ್ಬರ್ ಹೊದಿಕೆ ಬೇಕಾದೀತು.

ಸಾಮಾಜಿಕ ಹೊಣೆಗಾರಿಕೆಯ ನಿಧಿಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯು ವಿಕಲಚೇತನರ ವೃತ್ತಿ ಕೌಶಲಾಭಿವೃದ್ಧಿಯನ್ನು ನಿಧಿ ಬಳಕೆಯ ಬಾಬತ್ತುಗಳಲ್ಲಿ ಸೇರಿಸಿದೆ. 2021ರ ತಿದ್ದುಪಡಿ ನಿಯಮಗಳ ಪ್ರಕಾರ, ಹಿಂದಿನ ಮೂರು ವರ್ಷಗಳ ಸರಾಸರಿ ಹೊಣೆಗಾರಿಕೆಯು 10 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಕಂಪನಿಗಳು 1 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಬೆಂಗಳೂರಿನಲ್ಲಿ 1959ರಿಂದ ದುಡಿಯುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಮುಂತಾದ ಸಂಸ್ಥೆಗಳು ಉದ್ಯಮಗಳ ಸಹಯೋಗದಿಂದ ತರಬೇತಿ ಮತ್ತು ಉದ್ಯೋಗಾವಕಾಶ ಒದಗಿಸುತ್ತ ಬಂದಿವೆ. ಇಂತಹ ಯಾವುದೇ ಯೋಜನೆಗೆ ನೆರವು ನೀಡುವ ಉದ್ಯಮಿಯು "ಎಷ್ಟು ಜನರಿಗೆ" ಎಂಬ ಪ್ರಶ್ನೆಯ ಜೊತೆಗೆ, "ಅವರು ತಾವೇ ಹೇಳಿದ ಗುರಿಗಳಲ್ಲಿ ಎಷ್ಟು ಸಾಗಿದ್ದಾರೆ, ಯಾವ ಗುರಿಗಳು ನಿಂತುಹೋಗಿವೆ" ಎಂದು ಕೇಳುವುದು ನ್ಯಾಯೋಚಿತ. ಉತ್ತರವು ಹೆಸರುಗಳಿಲ್ಲದ ಸಂಕ್ಷಿಪ್ತ ರೂಪದಲ್ಲಿ ಬಂದರೆ ಸಾಕು. ನೌಕರರೊಬ್ಬರ ವೈಯಕ್ತಿಕ ಕಾಗದವು ಮಾಲೀಕರ ಕೈ ಸೇರುವುದಾದರೆ ಅದು ಆ ನೌಕರರ ಒಪ್ಪಿಗೆಯಿಂದ, ಕೆಲಸಕ್ಕೆ ಸಂಬಂಧಿಸಿದ ಭಾಗದ ಮಟ್ಟಿಗೆ ಮಾತ್ರ ಆಗಬೇಕು. ಅಂಗಿಯ ಗುಂಡಿಯ ವಿಚಾರ ಮಾಲೀಕರಿಗೆ ಅನಗತ್ಯ.

ಇದಕ್ಕೆ ದುಬಾರಿ ಯಂತ್ರವಾಗಲಿ ತಂತ್ರಾಂಶವಾಗಲಿ ಬೇಕಿಲ್ಲ. ಬೇಕಾದದ್ದು ತರಬೇತಿ ಹೊಂದಿದ ಔದ್ಯೋಗಿಕ ಚಿಕಿತ್ಸಕರ ಸಮಯ. ಮೂರು ಗುರಿಗಳನ್ನು ವಿಚಾರಿಸಿ ಹದಿನೈದು ಮೆಟ್ಟಿಲುಗಳನ್ನು ಬರೆಯುವುದು ಐದು ನಿಮಿಷದ ಕೆಲಸವಲ್ಲ, ಹೊಸಬರಿಗಂತೂ ಹೆಚ್ಚೇ ಹಿಡಿಯುತ್ತದೆ. ಒಪ್ಪಂದ ಮಾಡಿಕೊಳ್ಳುವಾಗ ಚಿಕಿತ್ಸೆಯ ಅವಧಿಗಳಿಗಷ್ಟೇ ಶುಲ್ಕ ನಿಗದಿಯಾಗಿ, ಗುರಿ ಬರೆಯುವ ಮತ್ತು ಕೊನೆಯಲ್ಲಿ ಅಳೆಯುವ ಸಮಯಕ್ಕೆ ಹಣವಿಲ್ಲದೆ ಹೋದರೆ, ಆ ಎರಡು ಕೆಲಸಗಳೇ ಮೊದಲು ಕೈಬಿಟ್ಟು ಹೋಗುತ್ತವೆ. ಗಾಯಗೊಂಡ ನೌಕರರು ಕೆಲಸಕ್ಕೆ ಮರಳುವ ದಿನಾಂಕ ನಿಶ್ಚಯವಾಗುವ ಮೊದಲೇ ಚಿಕಿತ್ಸಕರು ಒಮ್ಮೆ ಕಾರ್ಖಾನೆಗೆ ಬಂದು, ಮೇಜಿನ ಎತ್ತರ, ಬಿಡಿಭಾಗದ ತೂಕ ಮತ್ತು ಬಸ್ ನಿಲ್ದಾಣದಿಂದ ಗೇಟಿನವರೆಗಿನ ದಾರಿಯನ್ನು ನೋಡುವುದಕ್ಕೂ ಅದೇ ಒಪ್ಪಂದದಲ್ಲಿ ಅವಕಾಶವಿರಬೇಕು.